ಕೊಳ್ಳುವವನಿಗೂ ವ್ರತವುಂಟು

ಭಗವಾನ್ ಆದಿನಾಥರು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಕೃಷಿಯೂ ಇದೆ, ವಾಣಿಜ್ಯವೂ ಇದೆ. ಇವೆರಡೂ ಒಂದೆಡೆ ಕೂಡುವ ಸಂದರ್ಭಗಳಲ್ಲಿ ಶ್ರಾವಕನ ಅಣುವ್ರತಗಳು ನಿಜವಾದ ಪರೀಕ್ಷೆಗೆ ಒಳಗಾಗುತ್ತವೆ. ಒಬ್ಬರು ಬಳಸಿದ ಟ್ರ್ಯಾಕ್ಟರನ್ನು ನೋಡಿ ಕೊಳ್ಳುವುದು ಅಂತಹ ಒಂದು ಸಂದರ್ಭ. ಅಲ್ಲಿ ಯಂತ್ರದ ಪರೀಕ್ಷೆಯೊಡನೆ ಮನುಷ್ಯನ ಪರೀಕ್ಷೆಯೂ ನಡೆಯುತ್ತದೆ.

ಚಾಮರಾಜನಗರದ ಶ್ರಾವಕರೊಬ್ಬರಿಗೆ ಊರ ಹೊರಗೆ ಅರಿಸಿನ ಬೆಳೆಯುವ ಸ್ವಲ್ಪ ಭೂಮಿಯಿದೆ. ಅವರ ಟ್ರ್ಯಾಕ್ಟರು ಹಳತಾಗಿ, ಮುಂಗಾರಿನ ಉಳುಮೆಗೆ ನೆಚ್ಚಿಕೊಳ್ಳಲು ಬಾರದಂತಾಗಿತ್ತು. ಹೊಸದನ್ನು ಕೊಳ್ಳುವ ಅನುಕೂಲವಿರಲಿಲ್ಲ. ಗುಂಡ್ಲುಪೇಟೆಯ ಸಮೀಪದ ಹಳ್ಳಿಯೊಂದರಲ್ಲಿ ಟ್ರ್ಯಾಕ್ಟರೊಂದು ಮಾರಾಟಕ್ಕಿದೆಯೆಂದು ದಳ್ಳಾಳಿಯೊಬ್ಬನು ತಿಳಿಸಲು, ಅವರು ಪರಿಚಯದ ಮೆಕ್ಯಾನಿಕ್ ಒಬ್ಬನನ್ನು ಜೊತೆಗೆ ಕರೆದುಕೊಂಡು ತೆರಕಣಾಂಬಿಯ ಮಾರ್ಗವಾಗಿ ಅಲ್ಲಿಗೆ ಹೋದರು. ಆ ಮನೆಯ ಯಜಮಾನರು ಹಿಂದಿನ ವರ್ಷ ತೀರಿಕೊಂಡಿದ್ದರು. ಮಾರುವವರು ಅವರ ಪತ್ನಿ. ಬಿತ್ತನೆಯ ಖರ್ಚಿಗೂ ಮಗಳ ಕಾಲೇಜಿನ ಶುಲ್ಕಕ್ಕೂ ಆ ಹಣವೇ ಆಧಾರವಾಗಿತ್ತು.

ಮೆಕ್ಯಾನಿಕ್ ಮೊದಲು ಮಾಡಿದ ಕೆಲಸವೆಂದರೆ ಇಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿದ್ದು. ಅದು ಬೆಚ್ಚಗಿತ್ತು. ತಣ್ಣಗಿರುವಾಗ ಸುಲಭವಾಗಿ ಚಾಲೂ ಆಗದ ಇಂಜಿನ್ನು ಒಮ್ಮೆ ಬಿಸಿಯಾದ ಮೇಲೆ ತನ್ನ ದೋಷವನ್ನು ಮರೆಮಾಡುತ್ತದೆ. ಆದುದರಿಂದ ಅವನ ಮುಖದಲ್ಲಿ ಸಂಶಯ ಮೂಡಿತು. ಕೇಳಿದಾಗ ಆ ತಾಯಿ ಯಾವ ಸಂಕೋಚವೂ ಇಲ್ಲದೆ ಹೇಳಿದರು: "ಯಾರಾದ್ರೂ ನೋಡಕ್ಕೆ ಬರೋಕೆ ಮುಂಚೆ ಸ್ವಲ್ಪ ಹೊತ್ತು ಓಡ್ಸಿ ಇಡಿ ಅಂತ ದಳ್ಳಾಳಿ ಹೇಳಿದ್ರು ಸ್ವಾಮಿ." ದಳ್ಳಾಳಿ ಬೇರೆಡೆಗೆ ಮುಖ ತಿರುಗಿಸಿದನು. ಇಂಜಿನ್ನು ಪೂರ್ತಿಯಾಗಿ ತಣಿಯುವವರೆಗೆ ಕಾಯುವುದೆಂದು ತೀರ್ಮಾನವಾಯಿತು.

ಆ ವೇಳೆಯಲ್ಲಿ ಕಾಗದಪತ್ರಗಳ ಪರಿಶೀಲನೆ ನಡೆಯಿತು. ಚಾಸಿಸ್ ಹಾಗೂ ಇಂಜಿನ್ನಿನ ಮೇಲೆ ಕೆತ್ತಿದ ಸಂಖ್ಯೆಗಳು ನೋಂದಣಿ ಪುಸ್ತಕದೊಡನೆ ಹೊಂದುತ್ತಿದ್ದವು. ಬ್ಯಾಂಕಿನ ಸಾಲ ತೀರಿದ್ದರೂ ಪುಸ್ತಕದಲ್ಲಿ ಅಡಮಾನದ ನಮೂದು ಹಾಗೆಯೇ ಉಳಿದಿತ್ತು. ಬ್ಯಾಂಕಿನಿಂದ ಪತ್ರ ಪಡೆದು, 35ನೆಯ ನಮೂನೆಯನ್ನು ಸಾರಿಗೆ ಕಚೇರಿಗೆ ಸಲ್ಲಿಸಿದ ಹೊರತು ಅದು ಅಳಿಯದೆಂದೂ, ಯಜಮಾನರ ಹೆಸರಿನಲ್ಲಿರುವ ವಾಹನವನ್ನು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕೆಂದೂ ಶ್ರಾವಕರು ಆಕೆಗೆ ವಿವರಿಸಿದರು. ಇದನ್ನು ಆಕೆಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಇಂಜಿನ್ನು ತಣಿದ ಬಳಿಕ ಮೆಕ್ಯಾನಿಕ್ ರೇಡಿಯೇಟರಿನ ಮುಚ್ಚಳ ತೆರೆದು ನೋಡಿದನು. ನೀರಿನ ಮೇಲೆ ಎಣ್ಣೆಯ ಪದರವಿರಲಿಲ್ಲ. ಆಯಿಲ್ ಕಡ್ಡಿಯನ್ನು ಎಳೆದು ನೋಡಿದನು. ಎಣ್ಣೆ ಕಪ್ಪಾಗಿತ್ತೇ ಹೊರತು ನೀರು ಬೆರೆತು ಹಾಲಿನಂತೆ ಬೆಳ್ಳಗಾಗಿರಲಿಲ್ಲ. ಕೀಲಿ ತಿರುಗಿಸಿದೊಡನೆ ಇಂಜಿನ್ನು ಮೊದಲ ಸಲಕ್ಕೇ ಚಾಲೂ ಆಯಿತು. ಎಣ್ಣೆ ಸುಡುವುದರ ಗುರುತಾದ ನೀಲಿ ಹೊಗೆ ಕಾಣಲಿಲ್ಲ. ಕಲ್ಟಿವೇಟರನ್ನು ಮೇಲೆತ್ತಿ ಇಂಜಿನ್ನನ್ನು ನಿಲ್ಲಿಸಿದಾಗ ಅದು ಕೆಳಗಿಳಿಯದೆ ಬಹಳ ಹೊತ್ತು ಹಾಗೆಯೇ ನಿಂತಿತು, ಹೈಡ್ರಾಲಿಕ್ ಗಟ್ಟಿಯಾಗಿತ್ತು. ದೋಷಗಳೂ ಇದ್ದವು. ಕ್ಲಚ್ಚು ಸವೆದಿತ್ತು. ಮುಂದಿನ ಟೈರುಗಳು ಒಂದು ಪಕ್ಕಕ್ಕೆ ತಿಂದುಹೋಗಿದ್ದವು. ಗಂಟೆಗಳನ್ನು ಎಣಿಸುವ ಮೀಟರು ಎಂದೋ ನಿಂತಿತ್ತು.

ಮೆಕ್ಯಾನಿಕ್ ಶ್ರಾವಕರನ್ನು ಪಕ್ಕಕ್ಕೆ ಕರೆದನು. "ಗಾಡಿ ಚೆನ್ನಾಗಿದೆ ಸ್ವಾಮಿ. ಆದರೂ ಇಂಜಿನ್ ಬಿಚ್ಚಬೇಕು ಅಂತ ಒಂದು ಮಾತು ಹೇಳಿಬಿಡಿ. ನಲವತ್ತು ಸಾವಿರ ತಾನಾಗಿ ಇಳಿಯುತ್ತೆ" ಎಂದನು. ಅವನು ದುಷ್ಟನಲ್ಲ. ವ್ಯಾಪಾರದಲ್ಲಿ ಎಲ್ಲರೂ ಆಡುವ ಮಾತನ್ನೇ ಆಡಿದ್ದನು. ಶ್ರಾವಕರಿಗೂ ಆ ಹಣ ಸಣ್ಣದಾಗಿರಲಿಲ್ಲ. ಆ ವರ್ಷ ಅರಿಸಿನದಿಂದ ಅವರಿಗೆ ಹೇಳಿಕೊಳ್ಳುವಂತಹ ಲಾಭ ಬಂದಿರಲಿಲ್ಲ.

ಅಷ್ಟರಲ್ಲಿ ಆ ತಾಯಿ ಹತ್ತಿರ ಬಂದು ಕೇಳಿದರು: "ನಮ್ಮೆಜಮಾನ್ರೇ ಎಲ್ಲಾ ನೋಡ್ಕೊತಿದ್ರು. ನಂಗೇನೂ ತಿಳೀದು. ಇಂಜಿನ್ ಹೆಂಗದೆ, ನೀವೇ ಹೇಳಿ ಸ್ವಾಮಿ."

ಶ್ರಾವಕರು ಒಡನೆಯೇ ಉತ್ತರಿಸಲಾರದೆ ಹೋದರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಹೀನಾಧಿಕಮಾನೋನ್ಮಾನ ಅವುಗಳಲ್ಲೊಂದು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಇದರ ಅರ್ಥವನ್ನು ಬಿಡಿಸಿದ್ದಾರೆ: ಪರರಿಗೆ ಕೊಡುವಾಗ ಕಿರಿದಾದ ಅಳತೆ, ತಾನು ಕೊಳ್ಳುವಾಗ ಹಿರಿದಾದ ಅಳತೆ. ಆ ಆಚಾರ್ಯರು ತಪಸ್ಸು ಮಾಡಿದರೆಂದು ಪ್ರತೀತಿಯುಳ್ಳ ಕನಕಗಿರಿ ಕ್ಷೇತ್ರವು ಚಾಮರಾಜನಗರ ತಾಲ್ಲೂಕಿನ ಮಲೆಯೂರಿನಲ್ಲಿಯೇ ಇದೆ. ಶ್ರಾವಕರು ಅನೇಕ ಬಾರಿ ಆ ಬೆಟ್ಟವನ್ನು ಹತ್ತಿದವರು. ಪರ್ಯೂಷಣದ ಪ್ರವಚನಗಳಲ್ಲಿ ಆ ಸೂತ್ರವನ್ನು ಕೇಳಿದವರು. ಆದರೆ ಅದು ತಕ್ಕಡಿ ಹಿಡಿಯುವ ಅಂಗಡಿಯವನಿಗೆ ಮಾತ್ರ ಹೇಳಿದ್ದೆಂದು ಭಾವಿಸಿದ್ದರು. ಸೂತ್ರದ ದ್ವಿತೀಯಾರ್ಧವು ಕೊಳ್ಳುವವನನ್ನು ಕುರಿತದ್ದೆಂಬುದು ಅವರಿಗೆ ಹೊಳೆದದ್ದು ಆ ಅಂಗಳದಲ್ಲಿ. ಪರರ ವಸ್ತುವಿನ ದೋಷವನ್ನು ಹಿಗ್ಗಿಸಿ ಹೇಳುವ ನಾಲಗೆಯೂ ಒಂದು ಸುಳ್ಳು ಕೊಳಗವೇ ಸರಿ.

"ಇಂಜಿನ್ ಚೆನ್ನಾಗಿದೆಯಮ್ಮ. ಕ್ಲಚ್ಚು, ಮುಂದಿನ ಟೈರು ಮಾತ್ರ ಬದಲಾಯಿಸಬೇಕು" ಎಂದರು. ಅವೆರಡರ ಖರ್ಚನ್ನು ಮಾತ್ರ ಕಳೆದು ಬೆಲೆ ನಿಶ್ಚಯವಾಯಿತು. ದಾಖಲೆಗಳು ಸರಿಯಾದ ಮೇಲೆ ಪೂರ್ತಿ ಹಣ ಕೊಡುವುದೆಂದು ಬರೆದುಕೊಂಡರು.

ಇಲ್ಲಿ ವಿಚಾರ ಮಾಡಬೇಕಾದ ಅಂಶವೊಂದಿದೆ. ಆ ಇಂಜಿನ್ನಿಗೆ ಮರೆಮಾಡುವ ದೋಷವೇ ಇರಲಿಲ್ಲ. ದಳ್ಳಾಳಿಯ ಚಾತುರ್ಯವು ಒಳ್ಳೆಯ ವಸ್ತುವಿನ ಮೇಲೆಯೇ ಸಂಶಯವನ್ನು ಹುಟ್ಟಿಸಿತು. 1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನೇ ವಿವರಿಸಿದರು. ಒಳ್ಳೆಯದಾವುದು, ಕೆಟ್ಟದ್ದಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದಾಗ ಅವನು ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ವಸ್ತುವುಳ್ಳವನು ಮಾರಲೊಪ್ಪದೆ ಹಿಂದೆ ಸರಿಯುತ್ತಾನೆ. ಕೊನೆಗೆ ಸಂತೆಯಲ್ಲಿ ಕೆಟ್ಟದ್ದೇ ಉಳಿಯುತ್ತದೆ. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಒಬ್ಬನ ವಂಚನೆಯ ದಂಡವನ್ನು ಪ್ರಾಮಾಣಿಕರೆಲ್ಲರೂ ತೆರಬೇಕಾಗುತ್ತದೆ ಎಂಬುದು ಇದರ ತಾತ್ಪರ್ಯ.

ಶ್ರಾವಕರ ನಿಜವಾದ ಪರೀಕ್ಷೆ ಮನೆಗೆ ಮರಳಿದ ಮೇಲೆ ಎದುರಾಯಿತು. ಅವರ ಹಳೆಯ ಟ್ರ್ಯಾಕ್ಟರಿನ ಇಂಜಿನ್ ಬ್ಲಾಕು ಹಿಂದೆ ಸೀಳಿತ್ತು. ಅದಕ್ಕೆ ಬೆಸುಗೆ ಹಾಕಿಸಿ, ಮೇಲೆ ಬಣ್ಣ ಬಳಿಸಿದ್ದರು. ಬಲ್ಲವರ ಕಣ್ಣಿಗೂ ಅದು ಕಾಣುತ್ತಿರಲಿಲ್ಲ. ಮುಂದಿನ ವಾರ ಕೊಳ್ಳಲು ಬಂದ ರೈತನಿಗೆ ಅವರೇ ಆ ಸ್ಥಳವನ್ನು ಬೆರಳಿಟ್ಟು ತೋರಿಸಿದರು. ಅವನು ಕೈಮುಗಿದು ಹೊರಟುಹೋದನು. ಎರಡನೆಯವನೂ ಕೊಳ್ಳಲಿಲ್ಲ. ಮೂರನೆಯವನು ಅವರು ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಬೆಲೆಗೆ ಕೊಂಡನು. ಮನೆಯವರಿಗೆ ಬೇಸರವಾಯಿತು, ಶ್ರಾವಕರಿಗೂ ಆಗದೆ ಇರಲಿಲ್ಲ.

ಚಾಮರಾಜನಗರದ ಹಳೆಯ ಹೆಸರು ಅರಕೊಠಾರ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ಅಲ್ಲಿ ಬಸದಿಯನ್ನು ಕಟ್ಟಿಸಿದನೆಂದು 1117ರ ಶಾಸನವು ತಿಳಿಸುತ್ತದೆ. ಕೆಟ್ಟುಹೋದ ವ್ಯಾಪಾರಿಗಳಿಗೂ ಬಿತ್ತಲು ಬೀಜವಿಲ್ಲದ ಒಕ್ಕಲಿಗೂ ಅವನು ಆಸರೆಯಾದನೆಂದು ಅದೇ ಶಾಸನ ಹೊಗಳಿದೆ. ಅಂತಹ ದಾನ ಎಲ್ಲರಿಂದಲೂ ಆಗಲಾರದು. ಬಿತ್ತನೆಗೆ ಹಣವಿಲ್ಲದವರ ಕೈಯಿಂದ ಸುಳ್ಳಾಡಿ ಕಿತ್ತುಕೊಳ್ಳದಿರುವುದಾದರೂ ಎಲ್ಲರಿಂದಲೂ ಆಗತಕ್ಕದ್ದು.

ನಮ್ಮ ಬಸದಿಗಳ ಟ್ರಸ್ಟುಗಳೂ ಹಳೆಯ ವಾಹನ, ಜನರೇಟರು ಮೊದಲಾದವನ್ನು ಕೊಳ್ಳುತ್ತವೆ, ಮಾರುತ್ತವೆ. ಧರ್ಮದ ಹಣವನ್ನು ಉಳಿಸಬೇಕೆಂಬ ಸದುದ್ದೇಶದಿಂದಲೇ ಅಲ್ಲಿ ಎರಡು ಅಳತೆಗಳು ನುಸುಳಬಹುದು. ತಿಳಿದವರಿಂದ ಪರೀಕ್ಷೆ ಮಾಡಿಸಿ, ಗುಣದೋಷಗಳೆರಡನ್ನೂ ಒಂದೇ ಹಾಳೆಯಲ್ಲಿ ಬರೆದು, ಅದನ್ನು ಎದುರಿನವರಿಗೂ ತೋರಿಸುವ ಪದ್ಧತಿಯನ್ನು ಇಟ್ಟುಕೊಂಡರೆ ಆ ಭಯವಿರುವುದಿಲ್ಲ. ದಶಲಕ್ಷಣದ ದಿನಗಳಲ್ಲಿ ನಾವು ಪೂಜಿಸುವ ಉತ್ತಮ ಆರ್ಜವವು ಸಂತೆಯಲ್ಲಿಯೂ ನಮ್ಮೊಡನೆ ಇರಬೇಕಲ್ಲವೇ?