ನಿಂತ ಕಾರು, ತುಕ್ಕು ಹಿಡಿಯುವ ಬ್ರೇಕು

ಮಕ್ಕಳು ಪರದೇಶದಲ್ಲಿರುವ ಮನೆಗಳಲ್ಲಿ ಕಾರು ತಿಂಗಳುಗಟ್ಟಲೆ ನಿಂತಿರುವುದು ಈಗ ಸಾಮಾನ್ಯ ಸಂಗತಿ. 2020ರಲ್ಲಿ ಲಾಕ್‌ಡೌನ್ ಬಂದಾಗ ನಮ್ಮ ತಮ್ಮನ ಮಗನ ಕಾರು ಮಲೆನಾಡಿನ ಮನೆಯಲ್ಲೇ ಉಳಿದು, ಮಳೆಗಾಲವನ್ನೆಲ್ಲ ಅಲ್ಲಿಯೇ ಕಳೆಯಿತು. ಹೊರತೆಗೆಯಲು ಹೋದರೆ ಹಿಂದಿನ ಚಕ್ರಗಳು ಅಲುಗಲೇ ಇಲ್ಲ. ಹ್ಯಾಂಡ್‌ಬ್ರೇಕು ಎಳೆದೇ ಇದ್ದುದರಿಂದ ಬ್ರೇಕ್ ಶೂಗಳು ತುಕ್ಕು ಹಿಡಿದು ಡ್ರಮ್ಮಿಗೆ ಅಂಟಿಕೊಂಡಿದ್ದವು. ಅಂದು ಮೆಕ್ಯಾನಿಕ್ಕರಿಂದ ನಾವು ತಿಳಿದುಕೊಂಡುದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಬ್ರೇಕಿನ ಡಿಸ್ಕು, ಡ್ರಮ್ಮುಗಳು ಸಾಮಾನ್ಯವಾಗಿ ಎರಕದ ಕಬ್ಬಿಣದವು. ಅವುಗಳ ಉಜ್ಜುವ ಮೈಗೆ ಎಣ್ಣೆ ಸವರುವುದು ಅಪಾಯಕರ, ಬ್ರೇಕು ಹಿಡಿಯದು. ಆದುದರಿಂದ ತೇವವನ್ನು ದೂರವಿಡುವುದೇ ಮುಖ್ಯ ಉಪಾಯ. ಕಾರನ್ನು ತೊಳೆದೊಡನೆ ನಿಲ್ಲಿಸದೆ, ತುಸು ದೂರ ಓಡಿಸಿ, ಮೆಲ್ಲನೆ ಬ್ರೇಕು ಒತ್ತಿ ಒಣಗಿಸಬೇಕು. ಗಾಳಿಯಾಡುವ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಗಳ ಹಿಂದೆಮುಂದೆ ಕಲ್ಲನ್ನೋ ಮರದ ತುಂಡನ್ನೋ ಒತ್ತುಕೊಟ್ಟು, ಆಮೇಲೆ ಹ್ಯಾಂಡ್‌ಬ್ರೇಕನ್ನು ಬಿಟ್ಟಿಡಬೇಕು. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ. ಗಾಳಿಯಾಡುವ ಬಟ್ಟೆಯದು ಲೇಸು. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವವನ್ನು ಹೀರಿಕೊಂಡು ಒಳಭಾಗಗಳಿಗೆ ತುಕ್ಕು ತರುವುದರಿಂದ ಸುಮಾರು 2 ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು.

ಡಿಸ್ಕಿನ ಮೇಲಿನ ತೆಳು ತುಕ್ಕಿಗೆ ಅಂಜಬೇಕಾಗಿಲ್ಲ. ಜನವಿಲ್ಲದ ರಸ್ತೆಯಲ್ಲಿ ನಿಧಾನವಾಗಿ ಓಡಿಸುತ್ತ ನಾಲ್ಕಾರು ಸಲ ಬ್ರೇಕು ಒತ್ತಿದರೆ ಅದು ಹೋಗುತ್ತದೆ. ಆದರೆ ಚಕ್ರ ಬಿಗಿದಿದ್ದರೆ, ಪೆಡಲು ಮೆತ್ತಗಾಗಿದ್ದರೆ, ಗರಗರ ಸದ್ದು ನಿಲ್ಲದಿದ್ದರೆ ಬಲಾತ್ಕಾರ ಮಾಡದೆ ಮೆಕ್ಯಾನಿಕ್ಕರನ್ನು ಕರೆಸಬೇಕು. ರಜೆಗೆ ಬಂದ ಮಕ್ಕಳು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಟ್ಟ ಇಳಿಯುವ ಮುನ್ನ ಹಿರಿಯರು ಈ ಪರೀಕ್ಷೆಯನ್ನು ತಪ್ಪದೆ ಮಾಡಿಸಲಿ.