ಹಂಡೆಯ ತೂಕ

ಪುಣೆಯ ಕೊಥ್ರೂಡಿನ ಆ ಸೊಸೈಟಿಯಲ್ಲಿ ಮೊದಲು ಹೋದದ್ದು ತಾರಸಿಯ ಹಿತ್ತಾಳೆ ನಲ್ಲಿ, ಆಮೇಲೆ ಏಸಿಯ ತಾಮ್ರದ ಪೈಪು. ಯಾರೂ ದೊಡ್ಡದು ಮಾಡಲಿಲ್ಲ. ಧಾರವಾಡದ ಅಜ್ಜಿ ಬಾಗಿಲಾಚೆ ಇಟ್ಟಿದ್ದ, ತವರಿನಿಂದ ಬಂದ ಹಂಡೆ ಹೋದಾಗ ಮಾತ್ರ ಎಲ್ಲರ ಕಣ್ಣು ಕೆಲಸದ ಮೌಶಿಯ ಮೇಲೆ ಬಿತ್ತು. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಅದನ್ನು ಬೆಳಗುತ್ತಿದ್ದವಳು ಅವಳೇ. ಅಜ್ಜಿ ಸುಮ್ಮನಿದ್ದರು. ಮೌಶಿ ಕೆಲಸ ಬಿಟ್ಟಳು.

ಭಂಗಾರದವನ ತಕ್ಕಡಿಯಲ್ಲಿ ಹಂಡೆ ಬರೀ ಕಿಲೋ ಲೆಕ್ಕ. ಕರಗಿದ ತಾಮ್ರಕ್ಕೆ ಗುರುತೆಲ್ಲಿ? ಕದ್ದದ್ದೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಅಪರಾಧವೇ; ಅಂಗಡಿಯಲ್ಲಿ ಕೇಳುವವರಾರು!

ಮುಂದಿನ ತಿಂಗಳು ಪೈಪು ಕತ್ತರಿಸುವಾಗ ಸಿಕ್ಕಿಬಿದ್ದವನು ಏಸಿ ರಿಪೇರಿಯ ಹುಡುಗ. ಹಂಡೆಯನ್ನೂ ಒಪ್ಪಿಕೊಂಡ. ಅಜ್ಜಿ ವಿಳಾಸ ಕೇಳಿಕೊಂಡು ಮೌಶಿಯ ಮನೆಗೆ ಹೋದರು.

ಬಾಗಿಲು ತೆರೆದವಳು ಮೊದಲು ಕೇಳಿದ್ದು, "ಹಂಡೆ ಸಿಕ್ಕಿತಾ, ಆಜಿ?"