ಸ್ವಲ್ಪ ಎಡಕ್ಕೆ

ಮರ ನೆಟ್ಟಗಿದೆಯೋ ಇಲ್ಲವೋ ಎಂಬುದು ಕಾಡಿನಲ್ಲಿ ಯಾರನ್ನೂ ಕಾಡುವ ಪ್ರಶ್ನೆಯಲ್ಲ. ಅಲ್ಲಿ ನೆಲವೇ ಓರೆ, ಬೆಳಕು ಬೀಳುವುದೂ ಓರೆ. ಮರ ತನಗೆ ಬೇಕಾದ ಕಡೆ ಕತ್ತು ಚಾಚಿಕೊಂಡು ಸುಖವಾಗಿರುತ್ತದೆ. ಅದನ್ನೇ ಕಡಿದು ತಂದು, ನುಣುಪು ಗೋಡೆ, ಚೌಕದ ಕಿಟಕಿ, ಉದ್ದನೆಯ ಟೀವಿ ಇರುವ ಹಾಲಿನಲ್ಲಿ ನಿಲ್ಲಿಸಿ ನೋಡಿ. ಅದರ ಹುಟ್ಟುಗುಣವೆಲ್ಲ ಬಯಲಾಗುತ್ತದೆ.

ನಾವಿರುವುದು ಅಮೆರಿಕದ ಆರಿಗನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡಿನ ಹತ್ತಿರ. ಆ ದೇಶದಲ್ಲಿ ಅತಿ ಹೆಚ್ಚು ಕ್ರಿಸ್‌ಮಸ್ ಮರ ಬೆಳೆಯುವ ರಾಜ್ಯ ಇದು. ವರ್ಷವರ್ಷವೂ ಕತ್ತರಿ ಆಡಿಸಿ ತಿದ್ದಿದ ಮರಗಳು ಊರಾಚೆಯ ತೋಟಗಳಲ್ಲಿ ಸಾಲು ಹಿಡಿದು ನಿಂತಿರುತ್ತವೆ. ಅವನ್ನು ಬಿಟ್ಟು ಮೌಂಟ್ ಹುಡ್ ರಾಷ್ಟ್ರೀಯ ಅರಣ್ಯಕ್ಕೇ ಹೋಗಿ ಕಡಿದು ತರಬೇಕೆಂಬ ಹುಚ್ಚು ನಮಗೆ ಹಿಡಿದದ್ದು ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ. ಆ ತರಗತಿಯ ಮಕ್ಕಳಿಗೆ ಇಲ್ಲಿನ ಸರ್ಕಾರ ರಾಷ್ಟ್ರೀಯ ಉದ್ಯಾನ, ಅರಣ್ಯಗಳಿಗೆ ಒಂದು ವರ್ಷದ ಉಚಿತ ಪಾಸು ಕೊಡುತ್ತದೆ. ಪಾಸು ಇದ್ದರೆ ಕ್ರಿಸ್‌ಮಸ್ ಮರ ಕಡಿಯುವ ಪರವಾನಗಿಗೂ ಶುಲ್ಕವಿಲ್ಲ. ಉಳಿದವರಿಗೆ 5 ಡಾಲರ್. ಪುಕ್ಕಟೆ ಸಿಗುವ ಮರವನ್ನು ಬೇಡವೆನ್ನುವಷ್ಟು ವೈರಾಗ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮಕ್ಕಳ ಹಟಕ್ಕೆ ಮರ ಮನೆಯೊಳಗೆ ಬರುವುದು ಈ ದೇಶಕ್ಕೆ ಹೊಸದಲ್ಲ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಇದ್ದಾಗ ಶ್ವೇತಭವನದಲ್ಲಿ ಮರ ಇಡುವ ಪದ್ಧತಿ ಇರಲಿಲ್ಲ. 1902ರಲ್ಲಿ ಅವನ ಎಂಟು ವರ್ಷದ ಮಗ ಆರ್ಚಿ ಪುಟ್ಟದೊಂದು ಮರವನ್ನು ಗುಟ್ಟಾಗಿ ತಂದು ಗೋಡೆ ಬೀರುವಿನಲ್ಲಿ ಅಡಗಿಸಿಟ್ಟು, ಕ್ರಿಸ್‌ಮಸ್ ಬೆಳಿಗ್ಗೆ ಬಾಗಿಲು ತೆರೆದು ತೋರಿಸಿದ. ಕಾಡು ಕಾಯಲು ಅರಣ್ಯ ಸೇವೆ ಎಂಬ ಇಲಾಖೆ ಹುಟ್ಟಿದ್ದು ಅದೇ ಅಪ್ಪನ ಆಡಳಿತದಲ್ಲಿ, 1905ರಲ್ಲಿ. ಇವತ್ತು ಮರ ಕಡಿಯಲು ಚೀಟಿ ಕೊಡುವುದು ಅದೇ ಇಲಾಖೆ. ಗೆದ್ದದ್ದು ಮಗನೇ ಅನ್ನಬೇಕು.

ಚೀಟಿ ಜೇಬಿನಲ್ಲಿದ್ದರೂ ಗರಗಸ ಹಿಡಿದಾಗ ನನ್ನ ಕೈ ನಡುಗಿತು. ನಾನು ಶಿರಸಿ ಕಡೆಯವನು. ನಮ್ಮಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಇರುತ್ತದೆ. ಸೊಪ್ಪು ಕಡಿದುಕೊಳ್ಳಬಹುದು, ಮರದ ಬುಡ ಮುಟ್ಟುವ ಹಾಗಿಲ್ಲ. ಗಾರ್ಡ್ ಬಂದನಂತೆ ಎಂದರೆ ಏನೂ ಮಾಡದವರೂ ಕತ್ತಿಯನ್ನು ಬೆನ್ನ ಹಿಂದೆ ಸರಿಸುವ ಊರು ಅದು. ಸಾಲದ್ದಕ್ಕೆ, 1983ರ ಸೆಪ್ಟೆಂಬರಿನಲ್ಲಿ ಅಲ್ಲೇ ಸಾಲ್ಕಣಿಯ ಜನ ಕಾಡಿಗೆ ನಡೆದು, ಮರಗಳನ್ನು ತಬ್ಬಿ ನಿಂತು ಕಡಿತ ನಿಲ್ಲಿಸಿದ್ದರು. ಅಪ್ಪಿಕೊ ಚಳವಳಿಯ ಕತೆ ಕೇಳುತ್ತ ಬೆಳೆದವನು ನಾನು. ಆರಿಗನ್ನಿನ ಹಿಮದಲ್ಲಿ ನಾನೂ ಒಂದು ಮರವನ್ನು ಅಪ್ಪಿಕೊಂಡಿದ್ದೇನೆ. ಕಡಿದಾದ ಮೇಲೆ, ಕಾರಿನ ತನಕ ಹೊರುವುದಕ್ಕೆ.

ಸಮಾಧಾನಕ್ಕೆ ಇಲಾಖೆಯ ವಾದವಿದೆ. ಎಳೆಯ ಮರಗಳು ಒತ್ತೊತ್ತಾಗಿ ಬೆಳೆದಲ್ಲಿ ಒಂದನ್ನು ತೆಗೆದರೆ ಉಳಿದವಕ್ಕೆ ಬಿಸಿಲು, ನೀರು ಸಿಗುತ್ತದೆ. ಹಾಗಾಗಿ ಇನ್ನೊಂದು ಮರದ ಮಗ್ಗುಲಲ್ಲಿ ಇರುವುದನ್ನೇ ಆರಿಸಬೇಕು, ಬುಡವನ್ನು ನೆಲಮಟ್ಟಕ್ಕೆ ಹತ್ತಿರವಾಗಿ ಕೊಯ್ಯಬೇಕು, ದೊಡ್ಡ ಮರದ ತುದಿಯನ್ನಷ್ಟೇ ಹಾರಿಸಿ ತರಬಾರದು. ನೆರೆಯವರ ನೆರಳಲ್ಲಿ ಬೆಳೆದ ಮರದ ಒಂದು ಬದಿ ಬೋಳಾಗಿರುವುದು ಸಹಜ. ನಾವು ಆರಿಸಿದ ನೋಬಲ್ ಫರ್ ಮುಂದಿನಿಂದ ರಾಜಗಾಂಭೀರ್ಯದ್ದು, ಹಿಂದಿನಿಂದ ಬಡಕಲು. ಕಾಡಿನಲ್ಲಿ ಅದು ಗಿಡದಷ್ಟೇ ಕಂಡಿತ್ತು. ಸುತ್ತ ಇದ್ದವೆಲ್ಲ ಮುಗಿಲಿಗೆ ತಲೆ ಕೊಟ್ಟು ನಿಂತಿದ್ದವಲ್ಲ! ಮನೆ ಬಾಗಿಲಿಗೆ ಬಂದಾಗ ಚಾವಣಿಗಿಂತ ಎತ್ತರವಾಗಿತ್ತು.

ಬುಡದಿಂದ ಕೊಯ್ದು ತೆಗೆದ ಬಿಲ್ಲೆಯನ್ನು ಮಗಳು ಕೈಗೆತ್ತಿಕೊಂಡು ಉಂಗುರ ಎಣಿಸಿದಳು. ತೋಟದ ಮರ ಸುಮಾರು ಏಳೆಂಟು ವರ್ಷಕ್ಕೆ ಮಾರುಕಟ್ಟೆಗೆ ಸಿದ್ಧವಾಗುತ್ತದೆ. ಕಾಡಿನ ಮರ ಚಳಿಗೆ, ನೆರಳಿಗೆ ಅಂಜುತ್ತ ನಿಧಾನ ಬೆಳೆಯುತ್ತದೆ. ಎಣಿಕೆ ಅವಳ ವಯಸ್ಸನ್ನು ದಾಟಿ ಮುಂದೆ ಹೋಯಿತು. ಅವಳು ಸುಮ್ಮನಾದಳು. ಆಮೇಲೆ, “ಅಪ್ಪಾ, ಇವಳು ನಂಗೆ ಅಕ್ಕ” ಎಂದಳು. ಅಕ್ಕನನ್ನು ಕಡಿದವನೆಂಬ ಪಟ್ಟ ಹೊತ್ತು ನಾನು ಸ್ಟ್ಯಾಂಡ್ ಹುಡುಕಲು ಗ್ಯಾರೇಜಿಗೆ ಹೋದೆ.

ಸ್ಟ್ಯಾಂಡ್ ಎಂದರೆ ನೀರು ಹಿಡಿಯುವ ಬೋಗುಣಿ, ಅದರ ಸುತ್ತ ನಾಲ್ಕು ಸ್ಕ್ರೂ. ಒಬ್ಬರು ಮರ ಹಿಡಿಯಬೇಕು, ಒಬ್ಬರು ಅಂಗಾತ ಮಲಗಿ ಸ್ಕ್ರೂ ತಿರುಗಿಸಬೇಕು, ಒಬ್ಬರು ದೂರ ನಿಂತು ಸಂಸಾರ ನಡೆಸಬೇಕು. ಮರದಡಿ ಮಲಗಿದವನಿಗೆ ಕಾಣುವುದು ಬರೀ ಕೊಂಬೆಯ ಹೊಟ್ಟೆ. ಕಣ್ಣಿಗೆ ಮರದ ಪುಡಿ, ಕತ್ತಿನೊಳಗೆ ಸೂಜಿಯೆಲೆ.

“ಸ್ವಲ್ಪ ಎಡಕ್ಕೆ” ಎಂದಳು ಹೆಂಡತಿ.

“ನಿನ್ನ ಎಡವೋ ನನ್ನ ಎಡವೋ?”

“ಮರದ ಎಡ.”

ಮರಕ್ಕೂ ತನ್ನದೇ ಎಡ ಇದೆ ಎಂದು ನನಗೆ ಗೊತ್ತಾದದ್ದು ಅವತ್ತು. ಮಗಳ ಎಡ ಇನ್ನೊಂದು ದಿಕ್ಕಿಗಿತ್ತು. ಬೋಳು ಬದಿ ಗೋಡೆಗೆ ಬರಬೇಕು, ಆದರೆ ಬೋಳು ಬದಿಯನ್ನು ಗೋಡೆಗೆ ತಿರುಗಿಸಿದರೆ ವಾಲುವಿಕೆ ನಮ್ಮ ಕಡೆ ಬರುತ್ತದೆ. ನಾನು ವಿಜ್ಞಾನದ ಮೊರೆಹೊಕ್ಕೆ. ಹೆಂಡತಿಯ ತವರು ಬೆಂಗಳೂರು. ಅಲ್ಲಿನ ಹಳೆಯ ಬಂಗಲೆಗಳ ಮುಂದೆ ಕ್ರಿಸ್‌ಮಸ್ ಮರ ಎಂದು ಬೆಳೆಸುವ ಕುಕ್ ಪೈನ್, ಜಗತ್ತಿನಲ್ಲಿ ಎಲ್ಲೇ ನೆಟ್ಟರೂ ಸಮಭಾಜಕ ವೃತ್ತದ ಕಡೆಗೇ ವಾಲುತ್ತದೆ ಎಂದು ವಿಜ್ಞಾನಿಗಳು ಅಳೆದು 2017ರಲ್ಲಿ ಪ್ರಕಟಿಸಿದ್ದಾರೆ. “ನಿಮ್ಮ ಕಾಂಪೌಂಡಿನ ಮರವೂ ಓರೆಯೇ ಇದೆ, ಅದನ್ನು ಯಾರಾದರೂ ಕೇಳಿದಿರಾ?” ಎಂದೆ.

“ಅದು ಸಮಭಾಜಕ ವೃತ್ತ ನೋಡ್ತಿದೆ ರೀ. ಇದು ಟೀವಿ ನೋಡ್ತಿದೆ.”

ಕೊನೆಗೆ ಮೀನು ಹಿಡಿಯುವ ನೈಲಾನ್ ದಾರದಿಂದ ಮರದ ನಡುವನ್ನು ಕಿಟಕಿಯ ಚಿಲಕಕ್ಕೆ ಕಟ್ಟಿದೆವು. ಕೈಗೆ ಮೆತ್ತಿದ ರಾಳ ಸೋಪಿಗೆ ಜಗ್ಗಲಿಲ್ಲ. ಹಲಸಿನ ಮೇಣಕ್ಕೆ ಊರಿನಲ್ಲಿ ನನ್ನ ಆಯಿ, ಅಂದರೆ ಅಮ್ಮ, ಕೊಡುತ್ತಿದ್ದ ತೆಂಗಿನೆಣ್ಣೆಯೇ ಇಲ್ಲೂ ಕೆಲಸಕ್ಕೆ ಬಂತು.

ಆಯಿಗೆ ಫೋನಿನಲ್ಲಿ ವರದಿ ಒಪ್ಪಿಸುವಾಗ ಅಸಲು ತೊಡಕು ಶುರುವಾಯಿತು. ಹೊಸದಾಗಿ ಕೊಯ್ದ ಮರ ದಿನಕ್ಕೆ, ಕಾಂಡದ ಅಡ್ಡಗಲದ ಪ್ರತಿ ಇಂಚಿಗೆ ಸುಮಾರು 1 ಲೀಟರ್ ನೀರು ಕುಡಿಯಬಲ್ಲದು. ಬೋಗುಣಿ ಒಣಗಿದರೆ ಕೊಯ್ದ ಬಾಯಿಗೆ ರಾಳ ಕಟ್ಟಿ, ಮತ್ತೆ ಎಷ್ಟು ಹೊಯ್ದರೂ ಹೀರುವುದಿಲ್ಲ. ಇದನ್ನೆಲ್ಲ ವಿವರಿಸಿದೆ.

“ಕಡ್ದ ಮರಕ್ಕೆ ನೀರು ಎಂತಕೆ ಹಾಕ್ತ್ರ ತಮಾ?”

ಬೇಗ ಒಣಗಬಾರದು ಎಂದೆ. ಒಣಗಬಾರದಿದ್ದರೆ ಕಡಿದದ್ದು ಯಾಕೆ ಎಂಬುದು ಮುಂದಿನ ಪ್ರಶ್ನೆ. ಹಬ್ಬ ಮುಗಿದ ಮೇಲೆ ಏನು ಮಾಡುತ್ತೀರಿ ಎಂಬುದು ಅದರ ಮುಂದಿನದು. ಅದಕ್ಕೆ ಮಾತ್ರ ನನ್ನಲ್ಲಿ ಉತ್ತರವಿತ್ತು. ಟ್ರೌಟ್ ಅನ್‌ಲಿಮಿಟೆಡ್ ಎಂಬ ಸಂಸ್ಥೆಯ ಸ್ವಯಂಸೇವಕರು ನಮ್ಮ ಭಾಗದಲ್ಲಿ ಜನವರಿ ಹೊತ್ತಿಗೆ ಅಲಂಕಾರ ಕಳಚಿದ ಮರಗಳನ್ನು ಸಂಗ್ರಹಿಸಿ ನೀರಿಗೆ ಇಳಿಸುತ್ತಾರೆ. ಕೋಹೊ ಸಾಲ್ಮನ್ ಮೀನಿನ ಮರಿಗಳು ಆ ಕೊಂಬೆಗಳ ಸಂದಿಯಲ್ಲಿ ಹಕ್ಕಿ, ದೊಡ್ಡ ಮೀನುಗಳಿಂದ ಬಚಾವಾಗುತ್ತವೆ. ಆಯಿ ಸ್ವಲ್ಪ ಹೊತ್ತು ಯೋಚಿಸಿ, “ಹಂಗಾರೆ ಅಡ್ಡಿಲ್ಲೆ” ಎಂದು ಪರವಾನಗಿ ಕೊಟ್ಟಳು. ಇದಕ್ಕೂ ಶುಲ್ಕವಿರಲಿಲ್ಲ.

ಇನ್ನು ಅಲಂಕಾರ. ಎಡಿಸನ್ನನ ಜೊತೆಗಾರ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿಯ 80 ವಿದ್ಯುತ್ ಬಲ್ಬು ಪೋಣಿಸಿ, ಮರವೇ ಗಿರಗಿರ ತಿರುಗುವಂತೆ ಮಾಡಿದ್ದನಂತೆ. ತಿರುಗುವ ಮರದ ಬೋಳು ಬದಿಯನ್ನು ಯಾವ ಗೋಡೆಗೆ ಅಡಗಿಸಿದನೋ! ನಮ್ಮದು ನಿಂತ ಮರ, ಗಂಟು ಬಿಡಿಸಲಾಗದ ಸೀರಿಯಲ್ ಸೆಟ್. ಒಂದು ಬಲ್ಬು ಮುನಿಸಿಕೊಂಡರೆ ಇಡೀ ಸಾಲು ಅದರ ಪಕ್ಷ ವಹಿಸುತ್ತದೆ. ನೋಬಲ್ ಫರ್‌ನ ಕೊಂಬೆ ಗಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ನಡುವೆ ಜಾಗ ಬಿಟ್ಟಿರುತ್ತದೆ. ಹೀಗಾಗಿ ಮನೆಯಲ್ಲಿ ಎಲ್ಲೂ ಸಲ್ಲದ್ದೆಲ್ಲ ಅಲ್ಲಿ ಸಂದಿತು: ಚನ್ನಪಟ್ಟಣದ ಮರದ ಗಿಳಿ, ಬಾಲವಾಡಿಯಲ್ಲಿ ಮಗಳು ಪಾಸ್ತಾ ಅಂಟಿಸಿ ಮಾಡಿದ ನಕ್ಷತ್ರ, ಅವಳ ಹಲ್ಲುಬಿದ್ದ ನಗೆಯ ಫೋಟೊ. ಶಿರಸಿಯಿಂದ ತಂದ ಅಡಿಕೆ ಹಾರವನ್ನು ತುದಿಗೆ ಹಾಕಿದ ಮೇಲಂತೂ ಮರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಹಾಗೆ ತುಸು ಬಾಗಿ ನಿಂತಿತು. ಇನ್ನೇನು ಭಾಷಣ ಶುರು ಮಾಡಬೇಕು.

ಈಗ ಮಗಳು ದೂರದ ಊರಿನಲ್ಲಿ ಕಾಲೇಜು ಓದುತ್ತಿದ್ದಾಳೆ. ಪರವಾನಗಿಗೆ 5 ಡಾಲರ್ ನಾವೇ ಕೊಡುತ್ತೇವೆ. ಮೂವರ ಕೆಲಸವನ್ನು ಇಬ್ಬರು ಮಾಡುವಾಗ ಮರ ಹಿಡಿಯುವವರೇ ದೂರದಿಂದಲೂ ನೋಡಬೇಕಾಗುತ್ತದೆ. ಅದು ಆಗದ ಮಾತು. ವೀಡಿಯೊ ಕರೆಯಲ್ಲಿ ಅವಳನ್ನು ನಿಲ್ಲಿಸಿ ನೋಡಿದೆವು. ಮರ ಓರೆಯೋ, ಫೋನು ಹಿಡಿದ ಅಮ್ಮನ ಕೈ ಓರೆಯೋ ಎಂಬ ಚರ್ಚೆಯಲ್ಲೇ ಬ್ಯಾಟರಿ ಮುಗಿಯಿತು. ಪೆಟ್ಟಿಗೆಯ ಸಾಮಾನು ಬಿಚ್ಚುವಾಗ ನಮ್ಮಿಬ್ಬರ ಕೈ ತಡವರಿಸಿತು. ಪಾಸ್ತಾ ನಕ್ಷತ್ರ ಯಾವ ಕೊಂಬೆಗೆ ಎಂಬುದು ಅವಳಿಗೆ ಮಾತ್ರ ಗೊತ್ತು.

ಈಚೆಗೆ ನಾವಿಬ್ಬರೂ ಒಂದು ಉಪಾಯ ಕಂಡುಕೊಂಡಿದ್ದೇವೆ. ಪರಸ್ಪರ ಮಾತಾಡಿಕೊಂಡು ಮಾಡಿದ್ದಲ್ಲ, ತಾನಾಗಿ ಆದದ್ದು. ಮಟ್ಟಗೋಲು ಇಟ್ಟು ಮರವನ್ನು ನೆಟ್ಟಗೆ ನಿಲ್ಲಿಸುತ್ತೇನೆ. ಹೆಂಡತಿ ನೋಡಿ ಸರಿಯಿದೆ ಎನ್ನುತ್ತಾಳೆ. ಆಮೇಲೆ, ಮಗಳ ವಿಮಾನ ಇಳಿಯುವ ದಿನ, ಹೆಂಡತಿ ಅಡುಗೆಮನೆಯಲ್ಲಿದ್ದಾಗ ನಾನು ಒಂದು ಸ್ಕ್ರೂ ಸಡಿಲಿಸುತ್ತೇನೆ. ನಾನು ವಿಮಾನ ನಿಲ್ದಾಣಕ್ಕೆ ಹೊರಟಾಗ ಅವಳು ಇನ್ನೊಂದನ್ನು ಸಡಿಲಿಸುತ್ತಾಳೆಂದು ನನಗೆ ಬಲವಾದ ಗುಮಾನಿ, ಏಕೆಂದರೆ ನಾನು ಬಿಟ್ಟು ಹೋದದ್ದಕ್ಕಿಂತ ಮರ ಹೆಚ್ಚೇ ವಾಲಿರುತ್ತದೆ. ಮಗಳು ಬೂಟು ಬಿಚ್ಚುವ ಮೊದಲೇ ಸೊಂಟದ ಮೇಲೆ ಕೈಯಿಟ್ಟು, “ಏನಪ್ಪಾ ಇದು, ಸ್ವಲ್ಪ ಎಡಕ್ಕೆ!” ಎನ್ನುತ್ತಾಳೆ. ಸೊಂಟ ನೋವು ಎಂದು ಗೊಣಗುತ್ತ ನಾನು ಮರದಡಿ ತೂರಿಕೊಳ್ಳುತ್ತೇನೆ. ಯಾರ ಎಡ ಎಂದು ಕೇಳುವುದಿಲ್ಲ. ಕೇಳಿದರೆ ಕೆಲಸ ಬೇಗ ಮುಗಿದುಹೋಗುತ್ತದೆ.